ಪೆನ್ನಿನ ಸ್ಪ್ರಿಂಗ್ ಹಿಡಿದು ಡಿಎನ್‌ಎ ಪಾಠ

ದ್ವಿತೀಯ ಪಿಯುಸಿ ಮಕ್ಕಳಿಗೆ ಡಿಎನ್‌ಎ ರಚನೆ ಕಲಿಸುವಾಗ ಪಠ್ಯಪುಸ್ತಕದ ಬಣ್ಣದ ಚಿತ್ರವನ್ನು ನಾನು ಕೊನೆಯವರೆಗೂ ತೆರೆಸುವುದಿಲ್ಲ. ಉತ್ತರ ಮೊದಲೇ ಕಂಡರೆ ಹುಡುಕಿದವರ ಪಾಡು ತಿಳಿಯುವುದು ಹೇಗೆ? ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಮಾರ್ಗದರ್ಶನದಲ್ಲಿ ರೇಮಂಡ್ ಗಾಸ್ಲಿಂಗ್ 1952ರ ಮೇ ತಿಂಗಳಲ್ಲಿ ತೆಗೆದ ಕ್ಷ-ಕಿರಣ ಚಿತ್ರದ ಪ್ರತಿಗಳನ್ನು ಹಂಚುತ್ತೇನೆ. ಅದರ ಸಂಖ್ಯೆ 51. ಕಪ್ಪು ಗುರುತುಗಳ ಒಂದು ಎಕ್ಸ್ ಆಕಾರ, ಅಷ್ಟೇ.

ಆಮೇಲೆ ಒತ್ತುವ ಬಾಲ್‌ಪೆನ್ನೊಂದನ್ನು ಬಿಚ್ಚಿ, ಅದರ ಸ್ಪ್ರಿಂಗನ್ನು ಬಟ್ಟೆ ಕ್ಲಿಪ್ಪಿನಲ್ಲಿ ನೆಟ್ಟಗೆ ನಿಲ್ಲಿಸುತ್ತೇನೆ. ಕೋಣೆಯನ್ನು ಕತ್ತಲು ಮಾಡಿ ಕೆಂಪು ಲೇಸರ್ ಬಿಟ್ಟರೆ ನಾಲ್ಕೈದು ಮೀಟರ್ ಆಚೆಯ ಗೋಡೆಯ ಮೇಲೂ ಎಕ್ಸ್ ಮೂಡುತ್ತದೆ. ಲೇಸರನ್ನು ಕೈಯಲ್ಲಿ ಹಿಡಿದರೆ ನಡುಗುತ್ತದೆ. ಪುಸ್ತಕಗಳ ಮೇಲಿಟ್ಟು ರಬ್ಬರ್ ಬ್ಯಾಂಡ್ ಬಿಗಿಯಬೇಕು, ಅದರ ಹಾದಿಯಲ್ಲಿ ಯಾರ ಕಣ್ಣೂ ಇರಬಾರದು. ಸ್ಪ್ರಿಂಗ್‌ನ ಮುಂಬದಿಯ ತಂತಿ ಒಂದು ಕಡೆಗೆ ಓರೆಯಾಗಿದ್ದರೆ ಹಿಂಬದಿಯದು ಇನ್ನೊಂದು ಕಡೆಗೆ. ಬೆಳಕು ತಂತಿಗೆ ಲಂಬವಾಗಿ ಹರಡುತ್ತದೆ, ಹಾಗಾಗಿ ಎರಡು ಗೆರೆಗಳು ಒಂದನ್ನೊಂದು ದಾಟುತ್ತವೆ. ಸ್ಪ್ರಿಂಗನ್ನು ತುಸು ಹಿಗ್ಗಿಸಿದರೆ ಎಕ್ಸ್‌ನ ಕೈಗಳು ಅಗಲುತ್ತವೆ, ಆದರೆ ಗೆರೆಯೊಳಗಿನ ಚುಕ್ಕೆಗಳು ಪರಸ್ಪರ ಹತ್ತಿರ ಸರಿಯುತ್ತವೆ. ವಸ್ತುವಿನಲ್ಲಿ ಅಂತರ ಹೆಚ್ಚಿದಷ್ಟೂ ಗೋಡೆಯ ಮೇಲೆ ಕಡಿಮೆ! ಈ ತಲೆಕೆಳಗಿನ ಲೆಕ್ಕ ಹಿಡಿದವರಿಗೆ ಅರ್ಧ ಪಾಠ ಆದಂತೆಯೇ.

ಅದೇ ಲೆಕ್ಕದಿಂದ ಡಿಎನ್‌ಎ ಸುರುಳಿಯ ಒಂದು ಸುತ್ತಿನ ಎತ್ತರ 34 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ಎಂದು ಸಿಗುತ್ತದೆ. ಚಿತ್ರದ ಮೇಲ್ತುದಿ, ಕೆಳತುದಿಗಳಲ್ಲಿ ಇರುವ ದಟ್ಟ ಕಪ್ಪು ಗುರುತುಗಳು ಸ್ಪ್ರಿಂಗ್‌ನಲ್ಲಿ ಬರುವುದಿಲ್ಲ, ಅವು 3.4 ಆಂಗ್‌ಸ್ಟ್ರಾಮ್‌ಗೊಂದರಂತೆ ಪೇರಿಸಿದ ಪ್ರತ್ಯಾಮ್ಲಗಳದು, ಅಂದರೆ ಎ, ಟಿ, ಜಿ, ಸಿ ಎಂದು ಗುರುತಿಸುವ ಡಿಎನ್‌ಎಯ ನಾಲ್ಕು ಬಗೆಯ ಘಟಕಗಳದು. ಸುತ್ತಿಗೆ ಹತ್ತು.

ನನಗೆ ಅತ್ಯಂತ ಪ್ರಿಯವಾದುದು ಮುಂದಿನ ಭಾಗ. ಕ್ಷ-ಕಿರಣ ಚಿತ್ರದ ನಡುವಿನಿಂದ ಗುರುತುಗಳ ಅಡ್ಡ ಸಾಲುಗಳನ್ನು ಎಣಿಸಲು ಹೇಳುತ್ತೇನೆ: ಒಂದು, ಎರಡು, ಮೂರು, ಐದು. ನಾಲ್ಕನೆಯದು ಎಲ್ಲಿ? ಹಲಗೆಯ ಮೇಲೆ ಸುರುಳಿಯ ಎರಡು ಎಳೆಗಳನ್ನು ಬರೆದು, ಎರಡನೆಯದನ್ನು ಸುತ್ತಿನ 3/8 ಭಾಗದಷ್ಟು ಸರಿಸುತ್ತೇನೆ. ನಾಲ್ಕನೆಯ ಸಾಲಿಗೆ 4ನ್ನು 3/8ರಿಂದ ಗುಣಿಸಿದರೆ ಒಂದೂವರೆ. ಎರಡು ಎಳೆಗಳಿಂದ ಬರುವ ಅಲೆಗಳ ನಡುವೆ ಒಂದೂವರೆ ತರಂಗದೂರದ ವ್ಯತ್ಯಾಸ. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಎರಡೂ ಅಳಿಯುತ್ತವೆ. ಎರಡನೆಯ ಎಳೆಗೆ ಸಾಕ್ಷಿ ಹೇಳುವುದು ಆ ಖಾಲಿ ಜಾಗವೇ.

ಚಿತ್ರವನ್ನು ಕದ್ದರಂತೆ, ಹೌದೇ ಸಾರ್ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 1953ರ ಜನವರಿಯಲ್ಲಿ ಕಿಂಗ್ಸ್ ಕಾಲೇಜಿನ ಸಹೋದ್ಯೋಗಿ ವಿಲ್ಕಿನ್ಸ್ ಅದನ್ನು ಫ್ರಾಂಕ್ಲಿನ್ ಅವರಿಗೆ ತಿಳಿಸದೆ, ಕೇಂಬ್ರಿಡ್ಜ್‌ನಲ್ಲಿ ಡಿಎನ್‌ಎ ರಚನೆ ಹುಡುಕುತ್ತಿದ್ದ ವಾಟ್ಸನ್‌ಗೆ ತೋರಿಸಿದ್ದು ನಿಜ, ಅದು ಸರಿಯಲ್ಲ ಎಂದೇ ಹೇಳುತ್ತೇನೆ. ಆದರೆ ಎಗೆ ಟಿ, ಜಿಗೆ ಸಿ ಜೋಡಿ ಎಂಬುದು ಆ ಎಕ್ಸ್‌ನಲ್ಲಿ ಇಲ್ಲ. ಅದಕ್ಕೆ ಜೀವರಸಾಯನ ವಿಜ್ಞಾನಿ ಚಾರ್ಗಾಫ್ ಅಳೆದ ಪ್ರತ್ಯಾಮ್ಲಗಳ ಪ್ರಮಾಣಗಳು ಬೇಕು, ಅವುಗಳ ಸರಿಯಾದ ರೂಪವನ್ನು ವಾಟ್ಸನ್‌ಗೆ ತಿಳಿಸಿದ ರಸಾಯನ ವಿಜ್ಞಾನಿ ಡಾನಹ್ಯೂ ಬೇಕು. ಹಾಗಾಗಿ ಮರುದಿನ ಮಕ್ಕಳಿಂದಲೇ ಪ್ರತ್ಯಾಮ್ಲಗಳ ಆಕಾರದ ರಟ್ಟಿನ ತುಂಡುಗಳನ್ನು ಕತ್ತರಿಸಿ ಜೋಡಿಸಿ ನೋಡಿಸುತ್ತೇನೆ. ಆ ಫೆಬ್ರವರಿ ಕೊನೆಯಲ್ಲಿ ವಾಟ್ಸನ್ ಮೇಜಿನ ಮೇಲೆ ಮಾಡಿದ್ದೂ ಇದನ್ನೇ. ಎರಡೂ ಜೋಡಿಗಳ ಅಗಲ ಒಂದೇ ಎಂದು ಕಂಡದ್ದು ಆಗ.