ಮುತ್ಯಾನ ಮಾತು ಕೂಲರ್ ಸದ್ದಿಗೆ ಬಲಿಯಾಗದಿರಲಿ: ಮನೆ ವಿಡಿಯೊ ಮಾಡುವುದು ಹೀಗೆ

ಹೋದ ಬೇಸಿಗೆಯಲ್ಲಿ ಅಣ್ಣನ ಮಗ ನಮ್ಮ ಮುತ್ಯಾನನ್ನು, ಅಂದರೆ ಅಜ್ಜನನ್ನು, ಕೂರಿಸಿಕೊಂಡು ನಲವತ್ತು ನಿಮಿಷದ ವಿಡಿಯೊ ಮಾಡಿದ. 1948ರಲ್ಲಿ ಹೈದರಾಬಾದ್ ನಿಜಾಮನ ಪರ ಇದ್ದ ರಜಾಕಾರ ಪಡೆಯ ಹೆದರಿಕೆಗೆ ಊರು ಬಿಟ್ಟು ಎತ್ತಿನ ಬಂಡಿಯಲ್ಲಿ ಸೋಲಾಪುರದ ಕಡೆ ಹೋದ ಕಥೆ, ಆಗ ಮುತ್ಯಾನಿಗೆ ಹತ್ತು ವರ್ಷ. ಚಿತ್ರ ಏನೋ ಚೆನ್ನಾಗಿಯೇ ಬಂದಿತ್ತು. ಆದರೆ ಕೇಳಿದ್ದು ಬರೀ ಗರ್ರ್ ಅನ್ನುವ ಕೂಲರ್. 'ಏನ್ ಹೇಳ್ಲಕತ್ತಾನೋ ಮುತ್ಯಾ, ಒಂದೂ ಕೇಳಸವಲ್ದು' ಅಂದಳು ಅತ್ತಿಗೆ. ಇನ್ನೊಮ್ಮೆ ಹೇಳು ಅಂದರೆ ಮುತ್ಯಾ 'ಹೇಳೀನಲ್ಲೋ ಒಮ್ಮಿ' ಅಂದು ಮಗ್ಗುಲು ಬದಲಿಸಿದ. ಅದಕ್ಕೇ ಈ ಲೇಖನ.

ಶುರು ಮಾಡುವ ಮುಂಚೆ

ಲೆನ್ಸ್ ಒರೆಸಿ. ಫೋನ್ ಅಡ್ಡ ಹಿಡಿಯಿರಿ. ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ಕಥೆ ನಡುವೆ ಯಾರದೋ ಕರೆ ಬಂದು ರೆಕಾರ್ಡಿಂಗ್ ನಿಲ್ಲುತ್ತದೆ. ಜಾಗ ಎಷ್ಟು ಖಾಲಿ ಇದೆ ನೋಡಿ. ವಿಡಿಯೊ ಗುಣಮಟ್ಟ 1080ಪಿ ಸಾಕು. 4ಕೆ ಅಂತ ಹಟ ಹಿಡಿದವರ ಫೋನೆಲ್ಲ ಅರ್ಧ ಕಾರ್ಯಕ್ರಮಕ್ಕೇ ತುಂಬಿ ಹೋಗಿದ್ದನ್ನು ನೋಡಿದ್ದೇನೆ. ಇಷ್ಟು ಎಲ್ಲರಿಗೂ ಬರುತ್ತದೆ, ಮುಂದೆ ಹೋಗೋಣ.

ಬೆಳಕು

ನಮ್ಮ ಕಲಬುರಗಿ ಬಿಸಿಲಿನಲ್ಲಿ ಮಧ್ಯಾಹ್ನ ಹೊರಗೆ ಕೂರಿಸಿದರೆ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ, ಪಾಪ ಹಿರಿಯರು ಕಣ್ಣು ಬಿಡುವುದೂ ಕಷ್ಟ. ಬೆಳಗ್ಗೆ ಏಳರ ಹೊತ್ತಿಗೆ ಬಾಗಿಲ ಹತ್ತಿರ, ಮುಖ ಬೆಳಕಿಗೆ ಮಾಡಿ ಕೂರಿಸಿ. ಬಾಗಿಲಿಗೆ ಬೆನ್ನು ಬೇಡ, ಮುಖ ಕಪ್ಪಾಗುತ್ತದೆ. ಸ್ಕ್ರೀನಿನಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಫೋಕಸ್ಸೂ ಬೆಳಕೂ ಅಲ್ಲೇ ಲಾಕ್ ಆಗುತ್ತವೆ.

ರಾತ್ರಿ ಟ್ಯೂಬ್‌ಲೈಟಿನಲ್ಲಿ ಚಿತ್ರ ಪಟಪಟ ಮಿನುಗಿದರೆ ಫೋನ್ ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಕ್ಯಾಮೆರಾದ ಪ್ರೊ ಮೋಡಿನಲ್ಲಿ (ಎಲ್ಲವನ್ನೂ ನಾವೇ ಹೊಂದಿಸುವ ಮೋಡ್) ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಟ್ಟರೆ ಸಾಮಾನ್ಯವಾಗಿ ನಿಲ್ಲುತ್ತದೆ.

ದನಿ: ಎಲ್ಲರೂ ಕೆಡಿಸುವುದು ಇಲ್ಲೇ

ಚಿತ್ರ ಸ್ವಲ್ಪ ಅಲುಗಿದರೂ ಜನ ನೋಡುತ್ತಾರೆ. ಮಾತು ಕೇಳದಿದ್ದರೆ ಎರಡು ನಿಮಿಷಕ್ಕೆ ಎದ್ದು ಹೋಗುತ್ತಾರೆ. ಕಾರಣ ಸರಳ. ಫೋನ್ ಇರುವುದು ಆರು ಅಡಿ ದೂರ, ಮೈಕ್ ಇರುವುದು ಫೋನಿನಲ್ಲಿ. ದೂರ ಎರಡು ಪಟ್ಟಾದರೆ ದನಿಯ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಕೂಲರ್ ಮಾತ್ರ ಮನೆ ತುಂಬ ಒಂದೇ ಸಮ ಗುಂಯ್‌ಗುಡುತ್ತಿರುತ್ತದೆ.

ಹಾಗಾಗಿ ಮೊದಲು ಕೂಲರ್ ಬಂದ್. ಫ್ಯಾನೂ ಬಂದ್. ನಲವತ್ತೆರಡು ಡಿಗ್ರಿಯಲ್ಲಿ ಇದನ್ನು ಹೇಳಿದರೆ ಬೈಯುತ್ತಾರೆ, ಗೊತ್ತು. ಅದಕ್ಕೇ ಬೆಳಗಿನ ಹೊತ್ತು ಅಂದಿದ್ದು. ಹತ್ತು ನಿಮಿಷ ರೆಕಾರ್ಡ್ ಮಾಡಿ, ನಿಲ್ಲಿಸಿ, ಕೂಲರ್ ಹಚ್ಚಿ, ಒಂದು ಕಪ್ ಚಹಾ ಕೊಟ್ಟು ಮತ್ತೆ ಶುರು ಮಾಡಿ. ಫ್ರಿಜ್ಜಿನ ಸ್ವಿಚ್ಚೂ ತೆಗೆಯಿರಿ, ಆದರೆ ಮತ್ತೆ ಹಾಕಲು ಮರೆಯಬೇಡಿ. ನಾನು ಮರೆತು ಮನೆಯಲ್ಲಿ ಮಂಗಳಾರತಿ ಆಗಿದೆ.

ಎರಡನೆಯದು ಫರಸಿ ನೆಲ. ಶಹಾಬಾದ್ ಕಲ್ಲು ಕಾಲಿಗೆ ತಂಪು, ದನಿಗೆ ಶತ್ರು. ಕಲ್ಲಿನ ನೆಲ, ಬೋಳು ಗೋಡೆ ಇರುವ ಕೋಣೆಯಲ್ಲಿ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಮನೆಯಲ್ಲಿರುವ ಕೌದಿಗಳನ್ನೆಲ್ಲ ತಂದು ನೆಲಕ್ಕೆ ಹಾಸಿ, ಒಂದೆರಡನ್ನು ಎದುರಿನ ಗೋಡೆಗೆ ತೂಗು ಹಾಕಿ. ಕ್ಯಾಮೆರಾಕ್ಕೆ ಕಾಣುವ ಕಡೆ ಬೇಡ. ವ್ಯತ್ಯಾಸ ನೀವೇ ಕೇಳಿ.

ಮೂರನೆಯದು ಎರಡನೇ ಫೋನ್. ಹಳೆಯದಾದರೂ ಸರಿ. ವಾಯ್ಸ್ ರೆಕಾರ್ಡರ್ ಶುರು ಮಾಡಿ ಮುತ್ಯಾನ ಅಂಗಿಯ ಮೇಲಿನ ಜೇಬಿಗೆ ತಲೆಕೆಳಗಾಗಿ ಇಡಿ. ಮೈಕ್ ಸಾಮಾನ್ಯವಾಗಿ ಚಾರ್ಜರ್ ತೂತಿನ ಪಕ್ಕ ಇರುತ್ತದೆ, ಆ ತುದಿ ಬಾಯಿಯ ಕಡೆ ಬರಬೇಕು. ಆಯಿ, ಅಂದರೆ ಅಜ್ಜಿ, ಆದರೆ ಜೇಬು ಎಲ್ಲಿಂದ ತರೋಣ? ವೈರ್ ಇರುವ ಇಯರ್‌ಫೋನಿನ ಮೈಕನ್ನು ಸೆರಗಿಗೆ ಪಿನ್ ಹಾಕಿ. ಬಳೆ ಸದ್ದು ಬರುತ್ತದೆ, ಬರಲಿ, ಅದು ಆಯಿಯದೇ ಸದ್ದು.

ಎರಡೂ ಶುರುವಾದ ಮೇಲೆ ಕ್ಯಾಮೆರಾ ಎದುರು ಒಂದು ಜೋರು ಚಪ್ಪಾಳೆ ಹೊಡೆಯಿರಿ. ಎಡಿಟ್ ಮಾಡುವಾಗ ಕೈ ಕೂಡಿದ ಚಿತ್ರಕ್ಕೂ ಆ ಟಪ್ ಸದ್ದಿಗೂ ಜೋಡಿಸಿದರೆ ತುಟಿ, ಮಾತು ಎರಡೂ ಕೂಡುತ್ತವೆ. ಪ್ರತಿ ಸಲ ನಿಲ್ಲಿಸಿ ಶುರು ಮಾಡಿದಾಗಲೂ ಹೊಡೆಯಿರಿ. ಉದ್ದ ರೆಕಾರ್ಡಿಂಗಿನಲ್ಲಿ ಎರಡು ಫೋನುಗಳ ಸಮಯದ ಲೆಕ್ಕ ಸ್ವಲ್ಪ ಸ್ವಲ್ಪವೇ ತಪ್ಪುತ್ತಾ ಹೋಗುವುದುಂಟು.

ಕಾಲರ್ ಮೈಕ್ ಕೊಳ್ಳುವವರಿಗೆ ಒಂದು ಮಾತು. ಸೂಪರ್ ಮಾರ್ಕೆಟ್ ಕಡೆ ಅಗ್ಗದ್ದು ಸಿಕ್ಕಿತು ಅಂತ ನಾನೊಂದು ತಂದೆ. ಪಿನ್ ಮೇಲೆ ಕಪ್ಪು ಗೆರೆ ಎರಡೇ ಇದ್ದವು, ಅದು ಕ್ಯಾಮೆರಾದ್ದು. ಫೋನಿನ ದುಂಡು ತೂತಿಗೆ ಮೂರು ಗೆರೆಯದು ಬೇಕು. ಅಂಗಡಿಯವನು 'ಎಲ್ಲಕ್ಕೂ ಆಗ್ತದ್ರೀ' ಅಂದಿದ್ದ. ಆಗಲಿಲ್ಲ.

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ (ಭೂಮಿತಾಯಿಗೆ ನೈವೇದ್ಯ) ಚೆಲ್ಲುವುದನ್ನು ತೆಗೆಯುವುದಾದರೆ ಶತ್ರು ಬೇರೆ, ಗಾಳಿ. ಬುಸ್ ಅಂತ ಒಮ್ಮೆ ಸೇರಿಕೊಂಡ ಗಾಳಿ ಯಾವ ಆ್ಯಪಿನಿಂದಲೂ ಪೂರ್ತಿ ಹೋಗುವುದಿಲ್ಲ. ಗಾಳಿಗೆ ಬೆನ್ನು ಮಾಡಿ ನಿಲ್ಲಿ, ಮೈಕಿಗೆ ತೆಳ್ಳಗೆ ಸ್ಪಂಜು ಸುತ್ತಿ. ಮೊದಲು ಅರ್ಧ ನಿಮಿಷ ರೆಕಾರ್ಡ್ ಮಾಡಿ ಇಯರ್‌ಫೋನ್ ಹಾಕಿ ಕೇಳಿ. ಈ ಅರ್ಧ ನಿಮಿಷಕ್ಕೆ ಯಾರಿಗೂ ತಾಳ್ಮೆ ಇಲ್ಲ, ಆಮೇಲೆ ನನ್ನ ಹತ್ತಿರ ಪೆನ್‌ಡ್ರೈವ್ ತಂದು 'ಏನಾದ್ರೂ ಮಾಡ್ರೀ' ಅನ್ನುತ್ತಾರೆ!

ಮಾತಿನ ಜೊತೆಗೆ ಬೇರೆ ಚಿತ್ರ

ಬರೀ ಮುಖವನ್ನೇ ನಲವತ್ತು ನಿಮಿಷ ಯಾರು ನೋಡುತ್ತಾರೆ? ಮುತ್ಯಾನ ಕೈ, ಅಡಕೊತ್ತು, ಗೋಡೆಯ ಹಳೇ ಫೋಟೊ, ಒಳಗೆ ರೊಟ್ಟಿ ಬಡಿಯುವುದು, ಹೊರಗಿನ ಬೇವಿನ ಮರ, ಇಂಥವನ್ನು ಹತ್ತು ಹತ್ತು ಸೆಕೆಂಡು ತೆಗೆದಿಟ್ಟುಕೊಳ್ಳಿ. ಫೋನ್ ಅಲುಗಿಸದೆ ಮನಸ್ಸಿನಲ್ಲೇ ಹತ್ತು ಎಣಿಸಿ. ಜೂಮ್ ಬೇಡ, ನಾಲ್ಕು ಹೆಜ್ಜೆ ಹತ್ತಿರ ಹೋಗಿ.

ಎಡಿಟಿಂಗ್

ಫೋನಿನಲ್ಲಾದರೆ ವಿಎನ್ ಅಥವಾ ಇನ್‌ಶಾಟ್ ಆ್ಯಪ್, ಕಂಪ್ಯೂಟರಿನಲ್ಲಾದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು, ಆದರೆ ಹಳೇ ಕಂಪ್ಯೂಟರಿಗೆ ಅದು ಭಾರ. ಮೊದಲು ದನಿಯನ್ನಷ್ಟೇ ಕೇಳುತ್ತಾ ಬೇಡದ್ದನ್ನು ಕತ್ತರಿಸಿ. ಕೆಮ್ಮು, 'ನೀರು ಕೊಡು' ಎಲ್ಲ ತೆಗೆಯಿರಿ, ಆದರೆ ಮಾತಿನ ನಡುವೆ ಸುಮ್ನೆ ಕೂತ ಹೊತ್ತನ್ನು ಪೂರ್ತಿ ತೆಗೆಯಬೇಡಿ. ಮುತ್ಯಾ ಬಂಡಿ ಕಟ್ಟಿದ್ದನ್ನು ಹೇಳಿ ಸುಮ್ಮನಾದ ಆ ನಾಲ್ಕು ಸೆಕೆಂಡು ಇರಲೇಬೇಕು. ಆಮೇಲೆ ಅದರ ಮೇಲೆ ಕೈ, ಫೋಟೊ, ಮರದ ಚಿತ್ರ ಕೂರಿಸಿ, ದನಿ ಕೆಳಗೆ ಹರಿಯುತ್ತಲೇ ಇರಲಿ. ಕತ್ತರಿಸಿದ ಗುರುತೂ ಮುಚ್ಚಿಹೋಗುತ್ತದೆ.

ಹೃದಯ ಹಾರಿಬರುವುದು, ಪುಟ ಮಗುಚುವುದು, ಗುಲಾಬಿ ಎಸಳು ಉದುರುವುದು, ಇವು ಬೇಡ. ಮಾತಿನ ಕೆಳಗೆ ಹಾಡೂ ಬೇಡ. ಸಿನಿಮಾ ಹಾಡು ಹಾಕಿ ಯೂಟ್ಯೂಬಿಗೆ ಏರಿಸಿದರೆ ಹಕ್ಕಿನ ತಕರಾರೂ ಬರುತ್ತದೆ. ಕನ್ನಡ ಹೆಸರು ಹಾಕುವಾಗ ಒತ್ತಕ್ಷರ ಒಡೆದು ಕಂಡರೆ ಯುನಿಕೋಡ್ ಕನ್ನಡ ಫಾಂಟ್ ಆರಿಸಿ.

ವಾಟ್ಸ್ಆ್ಯಪಿನಲ್ಲಿ ಹಾಗೇ ಕಳಿಸಿದರೆ ಚಿತ್ರ ಹಿಂಡಿ ಹಿಪ್ಪೆಯಾಗುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, 2 ಜಿಬಿವರೆಗೂ ಹೋಗುತ್ತದೆ. ಕತ್ತರಿಸದ ಮೂಲ ವಿಡಿಯೊ, ಜೇಬಿನ ಫೋನಿನ ದನಿ ಎರಡನ್ನೂ ಅಳಿಸಬೇಡಿ. ಒಂದು ಪ್ರತಿ ಹಾರ್ಡ್‌ಡಿಸ್ಕಿಗೆ, ಇನ್ನೊಂದು ಬೇರೆ ಊರಲ್ಲಿರುವ ತಂಗಿ ಮನೆಗೆ.