ಮಕ್ಕಳ ಕೈಯಿಂದ ಮೊಬೈಲ್ ಕೆಳಗಿಡಿಸಿದ ಬಗೆ

ಮೊದಲ 7 ದಿನ ಏನನ್ನೂ ಕಡಿಮೆ ಮಾಡಲಿಲ್ಲ, ಬರೆದಿಟ್ಟುಕೊಂಡೆ ಅಷ್ಟೆ. ಹಾಳೆಯಲ್ಲಿ ನಾಲ್ಕು ಕಾಲಂ: ಶುರುವಾದ ಹೊತ್ತು, ಮುಗಿದ ಹೊತ್ತು, ಏನು ನೋಡಿದ್ದು, ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು. ಕೊನೆಯ ಕಾಲಮ್ಮೇ ಮುಖ್ಯ. ಒಟ್ಟು ನಿಮಿಷಗಳನ್ನು ಫೋನೇ ತೋರಿಸುತ್ತದೆ. ಆದರೆ ಬೇಸರಕ್ಕೆ ಕೈಗೆತ್ತಿಕೊಂಡರೋ, ದೊಡ್ಡವರು ಕೆಲಸದಲ್ಲಿದ್ದಾರೆಂದು ಎತ್ತಿಕೊಂಡರೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಪಾಠಕ್ಕೆ, ವಿಡಿಯೊ ಕಾಲ್‌ಗೆ ಹೋದ ಸಮಯವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಎಷ್ಟು ಹೊತ್ತು ಸರಿ? ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು ಎನ್ನುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಅದು ಇಂತಿಷ್ಟೇ ಗಂಟೆ ಎಂದು ಹೇಳಿಲ್ಲ. ಹಾಗಾಗಿ ಲೆಕ್ಕವನ್ನು ನಿದ್ದೆಯಿಂದ ಹಿಡಿದೆ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅದರ ಮೇಲೆ 60 ನಿಮಿಷ ಮೈ ಬೆವರುವ ಆಟ, ಶಾಲೆ, ಓದು, ಊಟ. ಇವೆಲ್ಲ ಕಳೆದು ಉಳಿದದ್ದರಲ್ಲಿ ಶಾಲೆಯ ದಿನಕ್ಕೆ 45 ನಿಮಿಷ, ರಜೆಗೆ ಅದರ ಎರಡರಷ್ಟು ಕೊಟ್ಟೆ. ಒಂದೇ ಸಲ ಅಲ್ಲಿಗೆ ಇಳಿಸಲಿಲ್ಲ. ವಾರಕ್ಕೆ 20 ನಿಮಿಷದಂತೆ ಇಳಿಸಿದೆ.

ರಂಪ ಆಗುವುದು ನೋಡುವಾಗಲ್ಲ, ನಿಲ್ಲಿಸುವಾಗ. "ಇನ್ನೆರಡು ನಿಮಿಷ" ಎಂದು ಕೂಗಿ ಹೇಳುವುದು ಕೆಲಸಕ್ಕೆ ಬರುವುದಿಲ್ಲ. ಆ ಎರಡು ನಿಮಿಷವೂ ಮಗು ಜಗಳಕ್ಕೆ ಸಜ್ಜಾಗುತ್ತಿರುತ್ತದೆ. ಆಟದ ನಡುವೆ ಕಿತ್ತುಕೊಂಡರಂತೂ ತಂಡ ಸೋಲುತ್ತದೆ, ಅಂಕ ಹೋಗುತ್ತದೆ. ಮಗುವಿನ ಸಿಟ್ಟಿಗೆ ಕಾರಣವಿದೆ. ಅದಕ್ಕೇ ನಿಮಿಷ ಬಿಟ್ಟು ಎಣಿಕೆಗೆ ಬಂದೆ: ಎರಡು ಎಪಿಸೋಡ್, ಇಲ್ಲವೇ ಮೂರು ಮ್ಯಾಚ್. ಎಷ್ಟೆಂದು ಫೋನ್ ತೆರೆಯುವ ಮುಂಚೆಯೇ ಮಗುವಿನ ಬಾಯಲ್ಲೇ ಹೇಳಿಸಬೇಕು. ಆಟೋಪ್ಲೇ ಆಫ್ ಮಾಡಿದ್ದರೆ ಎಪಿಸೋಡ್ ಮುಗಿದಾಗ ಪರದೆ ತಾನಾಗಿ ನಿಲ್ಲುತ್ತದೆ. ಆ ಕ್ಷಣದಲ್ಲಿ ಪಕ್ಕದಲ್ಲಿ ಕೂತು "ಆಮೇಲೆ ಅವನು ತಪ್ಪಿಸಿಕೊಂಡನಾ?" ಎಂದು ಕೇಳಿ. ಮಗು ಕಥೆ ಹೇಳುತ್ತಾ ಹೇಳುತ್ತಾ ಫೋನನ್ನು ತಾನೇ ಕೆಳಗಿಡುತ್ತದೆ. ರೀಲ್ಸ್, ಶಾರ್ಟ್ಸ್‌ಗೆ ಮಾತ್ರ ಇದು ನಡೆಯುವುದಿಲ್ಲ, ಅವಕ್ಕೆ ಕೊನೆಯೇ ಇಲ್ಲ. ಅವನ್ನು ಮಿತಿಗೊಳಿಸದೆ ಪೂರ್ತಿ ತೆಗೆದುಬಿಟ್ಟೆ.

ಇನ್ನು ಬೀಗ. ಮಕ್ಕಳ ಫೋನಿಗೆ ಮಿತಿ ಹಾಕುವ ಗೂಗಲ್‌ನ ಫ್ಯಾಮಿಲಿ ಲಿಂಕ್, ಐಫೋನಿನ ಸ್ಕ್ರೀನ್ ಟೈಮ್ ಎರಡೂ ಒಳ್ಳೆಯವೇ. ಆದರೆ ಆ್ಯಪ್‌ಗೆ ಬೀಗ ಹಾಕಿದರೆ ಮಕ್ಕಳು ಅದೇ ವಿಡಿಯೊವನ್ನು ಬ್ರೌಸರಿನಲ್ಲಿ ತೆರೆಯುತ್ತಾರೆ. ಬ್ರೌಸರ್ ಮುಚ್ಚಿದರೆ ಚಾಟ್ ಆ್ಯಪಿನಲ್ಲಿ ಬಂದ ಲಿಂಕ್ ಒತ್ತುತ್ತಾರೆ. ಫೋನಿನ ಗಡಿಯಾರ ಹಿಂದಕ್ಕೆ ತಿರುಗಿಸುವುದು, ಗೆಸ್ಟ್ ಖಾತೆ ತೆರೆಯುವುದು, ಭುಜದ ಹಿಂದೆ ನಿಂತು ಪಿನ್ ನೋಡಿಕೊಳ್ಳುವುದು ಕೂಡ ಉಂಟು. ರೌಟರಿನಲ್ಲಿ ಫೋನಿನ ವಿಳಾಸ ಕೊಟ್ಟು ತಡೆದರೆ, ಪ್ರೈವೇಟ್ ವೈಫೈ ಅಡ್ರೆಸ್ (ಫೋನಿನ ನಿಜವಾದ ವಿಳಾಸ ಮರೆಮಾಡುವ ಸೆಟ್ಟಿಂಗ್) ಆನ್ ಇರುವ ಫೋನ್ ಬೇರೆ ವಿಳಾಸದಲ್ಲಿ ಒಳಗೆ ಬರಬಹುದು. ಹೊಸ ಸಾಧನ ತಾನಾಗಿ ಸೇರದಂತೆ ಇಟ್ಟು, ಒಂದೊಂದನ್ನೇ ಒಪ್ಪಿ ಸೇರಿಸಿಕೊಳ್ಳುವುದು ವಾಸಿ. ಇಷ್ಟಾದರೂ ಬೀಗವನ್ನು ನಾನು ಎರಡನೆಯ ಸಾಲಿನಲ್ಲೇ ಇಡುತ್ತೇನೆ. ಮೊದಲ ಸಾಲಿನಲ್ಲಿ ಚಾರ್ಜರ್ ಇರುವ ಜಾಗ.

ಎಲ್ಲರ ಚಾರ್ಜರೂ ಹಜಾರದ ಒಂದೇ ಮೇಜಿನ ಮೇಲೆ, ದೊಡ್ಡವರದೂ ಸೇರಿ. ಮಲಗುವ 1 ಗಂಟೆ ಮುಂಚೆ ಫೋನ್‌ಗಳು ಅಲ್ಲಿ ಇರಬೇಕು. "ಅಲಾರಾಂಗೆ ಬೇಕು" ಎಂಬ ನೆಪ ಖಂಡಿತ ಬರುತ್ತದೆ, ಒಂದು ಸಾದಾ ಅಲಾರಾಂ ಗಡಿಯಾರ ತಂದುಕೊಡಿ. ಅಪ್ಪ ಹಾಸಿಗೆಯಲ್ಲಿ ಫೋನ್ ಹಿಡಿದಿದ್ದರೆ ಈ ನಿಯಮ ಮೂರನೆಯ ದಿನಕ್ಕೇ ಸಾಯುತ್ತದೆ.

ಮೊದಲ 10 ದಿನ ಹಟ ಇಳಿಯುವುದಿಲ್ಲ, ಏರುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಏಳನೆಯ ದಿನ ಒಮ್ಮೆ ಬಗ್ಗಿದರೆ ಇಷ್ಟು ಜೋರಾಗಿ ಅತ್ತರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ, ಮುಂದಿನ ಸಲ ಅಲ್ಲಿಂದಲೇ ಶುರು ಮಾಡುತ್ತದೆ. ಆ ದಿನಗಳಲ್ಲಿ, ಫೋನ್ ಕೆಳಗಿಟ್ಟ ಮರುಕ್ಷಣಕ್ಕೆ ಕೈಗೆ ಸಿಗುವಂತೆ ಅರ್ಧ ಕಟ್ಟಿದ ಬ್ಲಾಕು, ಅರ್ಧ ಬಿಡಿಸಿದ ಚಿತ್ರ ಮೇಜಿನ ಮೇಲೇ ಇರಲಿ. ಪೆಟ್ಟಿಗೆಯೊಳಗೆ ಜೋಡಿಸಿಟ್ಟ ಆಟಿಕೆಯನ್ನು ಯಾರೂ ತೆಗೆಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಮಗು ನಿದ್ದೆ, ಊಟ, ಗೆಳೆಯರನ್ನು ಬಿಟ್ಟು ಗೇಮಿಗೇ ಅಂಟಿಕೊಂಡಿದ್ದರೆ ಮನೆಮದ್ದು ಸಾಲದು. ಗೇಮಿಂಗ್ ಡಿಸಾರ್ಡರ್ 2022ರಿಂದ ಜಾರಿಯಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ರೋಗಪಟ್ಟಿಯಲ್ಲೇ ಇದೆ. ಆ ಹೆಸರು ಹೇಳಲು ಸಾಮಾನ್ಯವಾಗಿ 12 ತಿಂಗಳ ಲಕ್ಷಣ ನೋಡುತ್ತಾರೆ, ಆದರೆ ಮಕ್ಕಳ ಮನೋವೈದ್ಯರನ್ನು ಕಾಣಲು ಅಷ್ಟು ದಿನ ಕಾಯಬೇಡಿ.