ಆಲ್ವೇಸ್, ನೆವರ್, ಸಮ್‌ಟೈಮ್ಸ್: ಇಂಗ್ಲಿಷ್ ವಾಕ್ಯದಲ್ಲಿ ಇವಕ್ಕೆ ಜಾಗ ಹುಡುಕುವುದು ಹೇಗೆ?

ಹೈಸ್ಕೂಲಿನ ಉತ್ತರಪತ್ರಿಕೆ ಇರಲಿ, ಕಾರವಾರದ ಕಚೇರಿಗೆ ಹಾಕಿದ ಕೆಲಸದ ಅರ್ಜಿ ಇರಲಿ, ಗೋಕರ್ಣದಲ್ಲಿ ಪ್ರವಾಸಿಗರ ಜೊತೆ ಆಡುವ ನಾಲ್ಕು ಮಾತಿರಲಿ, ನಮ್ಮವರ ಇಂಗ್ಲಿಷ್ ಮುಗ್ಗರಿಸುವುದು ಹೆಚ್ಚಾಗಿ ಒಂದೇ ಕಡೆ. 'ಐ ಡ್ರಿಂಕ್ ಆಲ್ವೇಸ್ ಟೀ', 'ಬಸ್ ಆಫನ್ ಈಸ್ ಲೇಟ್', 'ಐ ನೆವರ್ ಡೋಂಟ್ ಈಟ್ ಫಿಶ್', 'ಐ ಆಮ್ ಡೈಲಿ ಗೋಯಿಂಗ್ ಟು ಕಾಲೇಜ್'. ಶಬ್ದ ಗೊತ್ತು, ಅದರ ಅರ್ಥವೂ ಗೊತ್ತು, ಇಡುವ ಜಾಗ ಮಾತ್ರ ಗೊತ್ತಿಲ್ಲ. ಇದಕ್ಕೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. 'ನಾನು ಯಾವಾಗಲೂ ಚಾ ಕುಡಿಯುತ್ತೇನೆ' ಅನ್ನಿ, 'ಯಾವಾಗಲೂ ನಾನು ಚಾ ಕುಡಿಯುತ್ತೇನೆ' ಅನ್ನಿ, 'ಚಾ ನಾನು ಯಾವಾಗಲೂ ಕುಡಿಯುತ್ತೇನೆ' ಅನ್ನಿ, ಕನ್ನಡ ಯಾವುದಕ್ಕೂ ತಕರಾರು ಮಾಡುವುದಿಲ್ಲ. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳಿಗೂ ಇದೇ ರೂಢಿ. ಇಂಗ್ಲಿಷಿನಲ್ಲಿ ಅಷ್ಟು ಸಲಿಗೆ ಇಲ್ಲ. ಶಾಲೆಯಲ್ಲಿ ನಾವು ಶಬ್ದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತೇವೆ, ಜಾಗ ಕಲಿಸುವ ಹೊತ್ತಿಗೆ ಪೀರಿಯಡ್ ಮುಗಿದಿರುತ್ತದೆ.

ಮೊದಲ ಹೆಜ್ಜೆ: ಆರೇ ಶಬ್ದ ಇಟ್ಟುಕೊಳ್ಳಿ

ಆಲ್ವೇಸ್, ಯೂಶುವಲಿ, ಆಫನ್, ಸಮ್‌ಟೈಮ್ಸ್, ರೇರ್ಲಿ, ನೆವರ್. ಯಾವಾಗಲೂ, ಸಾಮಾನ್ಯವಾಗಿ, ಆಗಾಗ, ಕೆಲವೊಮ್ಮೆ, ಅಪರೂಪಕ್ಕೆ, ಎಂದೂ ಇಲ್ಲ. ದಿನದ ಮಾತಿಗೆ ಇಷ್ಟು ಸಾಕು. ಅಪರೂಪಕ್ಕೆ ಎಂದೇ ಅರ್ಥವಿರುವ 'ಸೆಲ್ಡಮ್' ಪುಸ್ತಕದಲ್ಲಿ ಕಂಡರೆ ಅರ್ಥವಾದರಾಯಿತು, ಬಾಯಲ್ಲಿ ಆಡುವುದು ಬೇಡ.

ಗೈಡುಗಳಲ್ಲಿ, ಗೋಡೆಗೆ ಅಂಟಿಸುವ ಚಾರ್ಟುಗಳಲ್ಲಿ ಈ ಶಬ್ದಗಳ ಎದುರಿಗೆ ಶೇಕಡಾವಾರು ಅಂಕೆ ಹಾಕಿರುತ್ತಾರೆ. ಆಲ್ವೇಸ್ ನೂರು, ನೆವರ್ ಸೊನ್ನೆ, ಇಲ್ಲಿಗೆ ಸರಿ. ನಡುವಿನ ಅಂಕೆಗಳು ಒಂದು ಚಾರ್ಟಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ತಿಂಗಳಿಗೆ ನಾಲ್ಕು ಸಲ ಸಿನಿಮಾ ನೋಡುವವರು ಆಗಾಗ ನೋಡುತ್ತಾರೆ ಅನ್ನಿಸಿಕೊಳ್ಳುತ್ತಾರೆ, ತಿಂಗಳಿಗೆ ನಾಲ್ಕೇ ಸಲ ಹಲ್ಲುಜ್ಜುವವರಿಗೆ ಆ ಮಾತು ಸಲ್ಲುವುದಿಲ್ಲ. ಅಂಥ ಚಾರ್ಟಿಗೆ ದುಡ್ಡು ಕೊಡಬೇಡಿ. ಮನೆಯಲ್ಲಿ ಈಗಾಗಲೇ ಇದ್ದರೆ ಶಬ್ದಗಳನ್ನು ಮೇಲಿಂದ ಕೆಳಗೆ ಓದಿ, ಅಂಕೆ ಬಿಟ್ಟುಬಿಡಿ.

ಎರಡನೆಯ ಹೆಜ್ಜೆ: ಕ್ರಿಯಾಪದದ 'ಇಂಗ್' ತೆಗೆಯಿರಿ

'ದಿನಾ ಹೋಗ್ತಾ ಇರ್ತೀನಿ' ಅನ್ನುವ ನಾಲಿಗೆಗೆ 'ಐ ಆಮ್ ಗೋಯಿಂಗ್' ತಾನಾಗಿ ಬರುತ್ತದೆ. ರೂಢಿಯ ಕೆಲಸಕ್ಕೆ ಇಂಗ್ಲಿಷಿನಲ್ಲಿ ಸಾದಾ ವರ್ತಮಾನಕಾಲ: 'ಐ ಗೋ ಟು ಕಾಲೇಜ್ ಎವ್ರಿ ಡೇ'. ಆಲ್ವೇಸ್ ಜೊತೆಗೆ ಇಂಗ್ ಹಾಕುವ ಪದ್ಧತಿಯೂ ಉಂಟು, ಆದರೆ ಅದರಲ್ಲಿ ಹೆಚ್ಚಾಗಿ ದೂರಿನ ದನಿ ಇರುತ್ತದೆ. 'ಹೀ ಈಸ್ ಆಲ್ವೇಸ್ ಲುಕಿಂಗ್ ಎಟ್ ಹಿಸ್ ಫೋನ್' ಅಂದರೆ ಯಾವಾಗ ನೋಡಿದರೂ ಮೊಬೈಲೇ ಎಂದು ಅಮ್ಮ ಗೊಣಗಿದ ಹಾಗೆ. ಕೆಲಸದ ಸಂದರ್ಶನದಲ್ಲಿ 'ಐ ಆಮ್ ಆಲ್ವೇಸ್ ಹೆಲ್ಪಿಂಗ್ ಪೀಪಲ್' ಎನ್ನುವುದಕ್ಕಿಂತ 'ಐ ಆಲ್ವೇಸ್ ಹೆಲ್ಪ್ ಪೀಪಲ್' ಎನ್ನುವುದೇ ಲೇಸು.

ಮೂರನೆಯ ಹೆಜ್ಜೆ: ವಾಕ್ಯವನ್ನು ಒಮ್ಮೆ ಪ್ರಶ್ನೆ ಮಾಡಿ ನೋಡಿ

ಎಲ್ಲರೂ ಜಾರುವುದು ಇಲ್ಲೇ, ಹಾಗಾಗಿ ಇಲ್ಲಿ ನಿಧಾನಕ್ಕೆ ಹೋಗೋಣ.

ವ್ಯಾಕರಣ ಪುಸ್ತಕ ಹೇಳುವ ನಿಯಮ ಮೂರು. ಆಮ್, ಈಸ್, ಆರ್, ವಾಸ್, ವರ್ ಇದ್ದರೆ ಅದರ ನಂತರ. ಬೇರೆ ಮುಖ್ಯ ಕ್ರಿಯಾಪದ ಒಂದೇ ಇದ್ದರೆ ಅದಕ್ಕಿಂತ ಮೊದಲು. ಹ್ಯಾವ್, ಕ್ಯಾನ್, ವಿಲ್ ಥರದ ಸಹಾಯಕ ಕ್ರಿಯಾಪದಗಳಿದ್ದರೆ ಮೊದಲ ಸಹಾಯಕದ ನಂತರ. ನಿಯಮ ಸರಿಯಾಗಿಯೇ ಇದೆ, ಆದರೆ ಪರೀಕ್ಷೆಯ ಹಾಲಿನಲ್ಲಿ ಯಾವುದಕ್ಕೆ ಮೊದಲು, ಯಾವುದಕ್ಕೆ ನಂತರ ಎಂಬುದೇ ಅದಲು ಬದಲಾಗುತ್ತದೆ. ಅದರ ಮೇಲೆ 'ಹ್ಯಾವ್' ಒಂದು ಕಡೆ ಮುಖ್ಯ, ಇನ್ನೊಂದು ಕಡೆ ಸಹಾಯಕ. ಮಗು ಅಲ್ಲಿಗೇ ಪೆನ್ನು ಕೆಳಗಿಡುತ್ತದೆ.

ಮೂರು ನಿಯಮದ ಬದಲಿಗೆ ಈ ಒಂದು ಪರೀಕ್ಷೆ ಸಾಕು ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ. ಮೊದಲು ಆಲ್ವೇಸ್, ಆಫನ್ ಯಾವುದೂ ಇಲ್ಲದೆ ವಾಕ್ಯ ಬರೆಯಿರಿ. ಆಮೇಲೆ ಅದನ್ನು ಹೌದು-ಅಲ್ಲ ಉತ್ತರದ ಪ್ರಶ್ನೆಯಾಗಿ ತಿರುಗಿಸಿ. ಯಾವ ಪದ ಜಿಗಿದು ಕರ್ತೃವಿನ ಮುಂದೆ ಬಂತು ನೋಡಿ. ಮೂಲ ವಾಕ್ಯದಲ್ಲಿ ಆ ಪದದ ಬೆನ್ನಿಗೇ ನಿಮ್ಮ ಶಬ್ದದ ಜಾಗ. ಯಾವುದೂ ಜಿಗಿಯದೆ ಡು, ಡಸ್, ಡಿಡ್ ಹೊರಗಿನಿಂದ ತರಬೇಕಾಯಿತು ಎಂದಾದರೆ, ನಿಮ್ಮ ಶಬ್ದ ಕರ್ತೃವಿನ ಬೆನ್ನಿಗೆ, ಕ್ರಿಯಾಪದಕ್ಕಿಂತ ಮೊದಲು.

'ದಿ ಬಸ್ ಈಸ್ ಲೇಟ್' ತೆಗೆದುಕೊಳ್ಳಿ. ಪ್ರಶ್ನೆ: 'ಈಸ್ ದಿ ಬಸ್ ಲೇಟ್?' ಜಿಗಿದದ್ದು ಈಸ್. ಹಾಗಾದರೆ 'ದಿ ಬಸ್ ಈಸ್ ಆಫನ್ ಲೇಟ್'.

'ದಿ ಬೋಟ್ಸ್ ಗೋ ಔಟ್ ಎಟ್ ನೈಟ್'. ಪ್ರಶ್ನೆ: 'ಡು ದಿ ಬೋಟ್ಸ್ ಗೋ ಔಟ್ ಎಟ್ ನೈಟ್?' ಡು ಹೊರಗಿನದು. ಹಾಗಾದರೆ 'ದಿ ಬೋಟ್ಸ್ ಯೂಶುವಲಿ ಗೋ ಔಟ್ ಎಟ್ ನೈಟ್'.

ಈಗ ತೊಡಕಿನ ಹ್ಯಾವ್. 'ಐ ಹ್ಯಾವ್ ಸೀನ್ ಜೋಗ್ ಫಾಲ್ಸ್' ಎಂಬುದರ ಪ್ರಶ್ನೆ 'ಹ್ಯಾವ್ ಯೂ ಸೀನ್ ಜೋಗ್ ಫಾಲ್ಸ್?' ಹ್ಯಾವ್ ಜಿಗಿಯಿತು, ಆದ್ದರಿಂದ 'ಐ ಹ್ಯಾವ್ ನೆವರ್ ಸೀನ್ ಜೋಗ್ ಫಾಲ್ಸ್'. ಆದರೆ 'ವೀ ಹ್ಯಾವ್ ಗಂಜಿ ಫಾರ್ ಲಂಚ್' ಎಂಬುದನ್ನು ಪ್ರಶ್ನೆ ಮಾಡಿದರೆ 'ಡು ಯೂ ಹ್ಯಾವ್ ಗಂಜಿ ಫಾರ್ ಲಂಚ್?' ಇಲ್ಲಿ ಹ್ಯಾವ್ ಕದಲಲಿಲ್ಲ, ಡು ಬೇಕಾಯಿತು. ಆದ್ದರಿಂದ 'ವೀ ಯೂಶುವಲಿ ಹ್ಯಾವ್ ಗಂಜಿ ಫಾರ್ ಲಂಚ್'. 'ಹ್ಯಾವ್ ಟು' ಕೂಡ ಹೀಗೆಯೇ. 'ಡು ಯೂ ಹ್ಯಾವ್ ಟು ವೇಟ್ ಎಟ್ ಕುಮಟಾ?' ಎಂದು ಕೇಳುತ್ತೇವೆ, ಹಾಗಾಗಿ 'ಐ ಆಫನ್ ಹ್ಯಾವ್ ಟು ವೇಟ್ ಎಟ್ ಕುಮಟಾ'. ನಿಯಮ ಬಾಯಿಪಾಠ ಮಾಡಿದವರು ಹ್ಯಾವ್ ಕಂಡ ಕೂಡಲೇ ಅದನ್ನು ಸಹಾಯಕ ಎಂದುಕೊಂಡು 'ಐ ಹ್ಯಾವ್ ಆಫನ್ ಟು ವೇಟ್' ಎಂದು ಬರೆಯುತ್ತಾರೆ. ಪ್ರಶ್ನೆ ಮಾಡಿ ನೋಡಿದವರು ಬರೆಯುವುದಿಲ್ಲ.

ಸಹಾಯಕ ಪದ ಎರಡಿದ್ದರೂ ಜಿಗಿಯುವುದು ಒಂದೇ. 'ದಿ ಘಾಟ್ ರೋಡ್ ಹ್ಯಾಸ್ ಬೀನ್ ಕ್ಲೋಸ್ಡ್'. ಪ್ರಶ್ನೆಯಲ್ಲಿ ಹ್ಯಾಸ್ ಮುಂದೆ ಬರುತ್ತದೆ, ಬೀನ್ ಇದ್ದಲ್ಲೇ ಉಳಿಯುತ್ತದೆ. ದೇವಿಮನೆ ಘಟ್ಟ ದಾಟಿ ಶಿರಸಿಗೆ ಓಡಾಡುವವರು ಮಳೆಗಾಲದ ಸಂಗತಿಯನ್ನು ಹೀಗೆ ಹೇಳಬಹುದು: 'ದಿ ಘಾಟ್ ರೋಡ್ ಹ್ಯಾಸ್ ಆಫನ್ ಬೀನ್ ಕ್ಲೋಸ್ಡ್ ಇನ್ ದಿ ಮಾನ್ಸೂನ್'. 'ಹ್ಯಾಸ್ ಬೀನ್ ಆಫನ್ ಕ್ಲೋಸ್ಡ್' ಎಂದರೆ ಪ್ರಾಣವೇನೂ ಹೋಗುವುದಿಲ್ಲ, ಆದರೆ ಮೊದಲನೆಯದೇ ಭದ್ರ.

ಹಿಂದೆ ಇದ್ದ ರೂಢಿಯನ್ನು ಹೇಳುವ 'ಯೂಸ್ಡ್ ಟು' ಬಂದಾಗಲೂ ಇದೇ ಪರೀಕ್ಷೆ. 'ಡಿಡ್ ಹೀ ಯೂಸ್ ಟು ವಾಕ್?' ಎಂದು ಡಿಡ್ ಹೊರಗಿನಿಂದ ಬರುವುದರಿಂದ 'ಮೈ ಗ್ರ್ಯಾಂಡ್‌ಫಾದರ್ ಆಲ್ವೇಸ್ ಯೂಸ್ಡ್ ಟು ವಾಕ್ ಟು ಶಿರಸಿ'.

ನೀವು ಕೇಳಬೇಕಾದದ್ದೇ ಪ್ರಶ್ನೆಯಾದರೆ ಕೆಲಸ ಇನ್ನೂ ಸುಲಭ, ಶಬ್ದ ಕರ್ತೃವಿನ ಬೆನ್ನಿಗೆ ಬರುತ್ತದೆ: 'ಡು ಯೂ ಆಫನ್ ಗೋ ಟು ಕಾರವಾರ?', 'ಈಸ್ ದಿ ಸೀ ಆಲ್ವೇಸ್ ರಫ್ ಇನ್ ಜೂನ್?'

ಈ ಪರೀಕ್ಷೆ ಕೈಕೊಡುವ ಒಂದು ಕಡೆ ಚುಟುಕು ಉತ್ತರ. 'ಈಸ್ ದಿ ಬಸ್ ಲೇಟ್?' ಎಂದು ಕೇಳಿದವರಿಗೆ 'ಎಸ್, ಇಟ್ ಆಲ್ವೇಸ್ ಈಸ್' ಎನ್ನಬೇಕು, 'ಇಟ್ ಈಸ್ ಆಲ್ವೇಸ್' ಅಲ್ಲ. ಉತ್ತರ ಆ ಈಸ್, ಆಮ್, ಡು, ಕ್ಯಾನ್‌ಗೇ ಮುಗಿಯುವುದಾದರೆ ಅದು ಕೊನೆಗೆ ಹೋಗುತ್ತದೆ.

ಜಾಗ ಸಿಕ್ಕ ಸಂತೋಷದಲ್ಲಿ ಹೀ, ಶೀ ಜೊತೆ ಬರುವ 'ಎಸ್' ಅಕ್ಷರವನ್ನು ಮರೆಯಬೇಡಿ. ನಡುವೆ ಆಲ್ವೇಸ್ ಬಂದು ಕೂತ ಮಾತ್ರಕ್ಕೆ 'ಶೀ ಮೇಕ್ಸ್' ಎಂಬುದು 'ಶೀ ಆಲ್ವೇಸ್ ಮೇಕ್' ಆಗುವುದಿಲ್ಲ, 'ಶೀ ಆಲ್ವೇಸ್ ಮೇಕ್ಸ್' ಎಂದೇ ಇರುತ್ತದೆ. ಮತ್ತೆ, ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ಈ ಶಬ್ದಗಳನ್ನು ತುರುಕಬೇಡಿ. 'ಐ ಡ್ರಿಂಕ್ ಆಲ್ವೇಸ್ ಟೀ' ತಪ್ಪಾಗುವುದು ಅದಕ್ಕೇ.

ನಾಲ್ಕನೆಯ ಹೆಜ್ಜೆ: 'ಇಲ್ಲ' ಬಂದಾಗ

ಗೋಕರ್ಣದ ಒಂದು ವಸತಿಯಲ್ಲಿ ಬಚ್ಚಲಮನೆಯ ಬಾಗಿಲಿಗೆ ಅಂಟಿಸಿದ್ದ ಚೀಟಿ: 'ಹಾಟ್ ವಾಟರ್ ಈಸ್ ಆಲ್ವೇಸ್ ನಾಟ್ ಅವೈಲೇಬಲ್'. ಬರೆದವರ ಮನಸ್ಸಿನಲ್ಲಿದ್ದದ್ದು ಬಿಸಿನೀರು ಎಲ್ಲ ಹೊತ್ತಿಗೂ ಇರುವುದಿಲ್ಲ, ಬೆಳಿಗ್ಗೆ ಇರುತ್ತದೆ ಎಂದು. ಓದಿದವರಿಗೆ ತಿಳಿಯುವುದು ಬಿಸಿನೀರು ಯಾವತ್ತೂ ಇಲ್ಲ ಎಂದು. ನಾಟ್ ಒಂದು ಮನೆ ಹಿಂದೆ ಸರಿದರೆ ಸರಿಯಾಗುತ್ತದೆ: 'ಹಾಟ್ ವಾಟರ್ ಈಸ್ ನಾಟ್ ಆಲ್ವೇಸ್ ಅವೈಲೇಬಲ್'. 'ಐ ಡೋಂಟ್ ಆಲ್ವೇಸ್ ಈಟ್ ಫಿಶ್' ಎಂದರೆ ತಿನ್ನುವ ದಿನವೂ ಉಂಟು, ತಿನ್ನದ ದಿನವೂ ಉಂಟು. ಆಲ್ವೇಸ್, ಯೂಶುವಲಿ, ಆಫನ್ ಮೂರನ್ನೂ ಡೋಂಟ್, ನಾಟ್ ಆದ ಮೇಲೆ ಇಡಿ. ಸಮ್‌ಟೈಮ್ಸ್ ಮಾತ್ರ ತಿರುಗಮುರುಗ, ಅದು ಡೋಂಟ್‌ಗಿಂತ ಮೊದಲು: 'ಐ ಸಮ್‌ಟೈಮ್ಸ್ ಡೋಂಟ್ ಈಟ್ ಎಟ್ ನೈಟ್'.

ಇನ್ನು ನೆವರ್. ಕನ್ನಡದಲ್ಲಿ 'ಎಂದೂ' ಅಂದರೆ ಮಾತು ಮುಗಿಯುವುದಿಲ್ಲ, ಕೊನೆಗೆ 'ಇಲ್ಲ' ಬರಲೇಬೇಕು: ಎಂದೂ ಹೋಗುವುದಿಲ್ಲ, ಯಾವತ್ತೂ ತಿಂದಿಲ್ಲ. ಆ ಎರಡು ತುಂಡನ್ನೂ ಇಂಗ್ಲಿಷಿಗೆ ಒಯ್ದಾಗ 'ಐ ನೆವರ್ ಡೋಂಟ್ ಗೋ' ಹುಟ್ಟುತ್ತದೆ. ನೆವರ್ ಒಳಗೇ 'ಇಲ್ಲ' ಇದೆ. ಅದಿದ್ದ ಕಡೆ ಡೋಂಟ್, ಡಿಡಂಟ್, ನಾಟ್ ಯಾವುದೂ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅದನ್ನು ಹೇಳುವುದು ಹೀಗೆ: 'ಅವರ್ ಟ್ರಾಲರ್ಸ್ ನೆವರ್ ಗೋ ಔಟ್ ಇನ್ ಜುಲೈ'. ಆಗಸ್ಟಿನಲ್ಲಿ ನಿಷೇಧ ಇಲ್ಲ, ಗಾಳಿ ನೋಡಿಕೊಂಡು ಹೊರಡುತ್ತಾರೆ: 'ದೇ ಡೋಂಟ್ ಆಲ್ವೇಸ್ ಗೋ ಔಟ್ ಇನ್ ಆಗಸ್ಟ್'. ಈ ಎರಡು ವಾಕ್ಯಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ.

ರೇರ್ಲಿ ಮತ್ತು ಹಾರ್ಡ್ಲಿ ಎವರ್ (ಇಲ್ಲವೆನ್ನುವಷ್ಟು ಅಪರೂಪಕ್ಕೆ) ಒಳಗೂ ಇದೇ ನಕಾರ ಅಡಗಿದೆ, ಅವುಗಳ ಜೊತೆಗೂ ಡೋಂಟ್ ಬೇಡ. ಹತ್ತನೇ ತರಗತಿಯವರು ಕ್ವೆಶ್ಚನ್ ಟ್ಯಾಗ್, ಅಂದರೆ ವಾಕ್ಯದ ಕೊನೆಗೆ ಅಂಟಿಸುವ ಚುಟುಕು ಪ್ರಶ್ನೆ, ಬರೆಯುವಾಗ ಇದನ್ನು ನೆನಪಿಡಬೇಕು. 'ಹೀ ನೆವರ್ ಕಮ್ಸ್ ಲೇಟ್' ಎಂಬುದಕ್ಕೆ ಬಾಲ 'ಡಸ್ ಹೀ?' ಎಂದೇ ಹೊರತು 'ಡಸಂಟ್ ಹೀ?' ಅಲ್ಲ. ವಾಕ್ಯದಲ್ಲಿ ನಾಟ್ ಕಾಣುವುದಿಲ್ಲವೆಂದು ಅಂಕ ಕಳೆದುಕೊಳ್ಳುವವರು ಬಹಳ.

ಐದನೆಯ ಹೆಜ್ಜೆ: ಎಣಿಸಿ ಹೇಳುವುದಾದರೆ ಕೊನೆಗೆ

ವಾರಕ್ಕೆ ಎಷ್ಟು ಸಲ, ವರ್ಷಕ್ಕೆ ಎಷ್ಟು ಸಲ ಎಂದು ಲೆಕ್ಕ ಕೊಡುವ ಮಾತುಗಳೆಲ್ಲ ವಾಕ್ಯದ ಕೊನೆಗೆ. 'ವೀಕ್ಲಿ ಒನ್ಸ್', 'ಮಂತ್ಲಿ ಟ್ವೈಸ್' ಎಂಬುದು ನಮ್ಮ ರಾಜ್ಯದಲ್ಲಿ ಎಷ್ಟು ಬೇರೂರಿದೆ ಎಂದರೆ ಇಂಗ್ಲಿಷ್ ಮೀಡಿಯಂನವರೂ ಅದನ್ನೇ ಆಡುತ್ತಾರೆ. ಬಿಡಿ ಅದನ್ನು. 'ಒನ್ಸ್ ಎ ವೀಕ್', 'ಟ್ವೈಸ್ ಎ ಮಂತ್' ಎನ್ನಿ. 'ಒನ್ಸ್ ಇನ್ ಎ ವೀಕ್' ಎನ್ನುವಾಗ ಬರುವ ಇನ್ ಕೂಡ ಬೇಡ. 'ಮೈ ಮದರ್ ಗೋಸ್ ಟು ದಿ ಮಾರ್ಕೆಟ್ ಒನ್ಸ್ ಎ ವೀಕ್'.

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅದಕ್ಕೆ 'ಎವ್ರಿ ಟೂ ಇಯರ್ಸ್' ಎನ್ನಿ: 'ದಿ ಮಾರಿಕಾಂಬಾ ಫೇರ್ ಟೇಕ್ಸ್ ಪ್ಲೇಸ್ ಎವ್ರಿ ಟೂ ಇಯರ್ಸ್'. ಪ್ರಬಂಧಕ್ಕೆ ಘನತೆ ಬರಲಿ ಎಂದು 'ಬೈಯಾನ್ಯುವಲ್' ಬರೆದು ಸಿಕ್ಕಿಬೀಳಬೇಡಿ. ಅದರರ್ಥ ವರ್ಷಕ್ಕೆ ಎರಡು ಸಲ. 'ಎವ್ರಿ ಡೇ' ಬರೆಯುವಾಗ ಎರಡು ಪದ, ನಡುವೆ ಜಾಗ ಬಿಡಿ. ಕೂಡಿಸಿ ಬರೆದರೆ ಅದು ದಿನಬಳಕೆಯ ಎಂಬರ್ಥದ ವಿಶೇಷಣವಾಗುತ್ತದೆ. ಮೊಬೈಲಿನ ಕೀಬೋರ್ಡು ಅದನ್ನು ತಾನೇ ತಿದ್ದಿ ಕೊಡುತ್ತದೆಂದು ನಂಬಿ ಕೂರಬೇಡಿ.

ವಾಕ್ಯದ ತಲೆಗೆ ಇಡಬಹುದೇ?

ಸಮ್‌ಟೈಮ್ಸ್, ಯೂಶುವಲಿ ಇಡಬಹುದು. ಆಲ್ವೇಸ್, ನೆವರ್ ಇಡಬಾರದು, ಆದೇಶ ಕೊಡುವಾಗ ಮಾತ್ರ ಸರಿ: 'ನೆವರ್ ಸ್ವಿಮ್ ಹಿಯರ್ ಇನ್ ದಿ ಮಾನ್ಸೂನ್'. ಕಡಲತೀರದಲ್ಲಿ ಫಲಕ ಬರೆಸುವವರಿಗೆ ಈ ಸಾಲು ಬೇಕಾದೀತು. 'ನೆವರ್ ಹ್ಯಾವ್ ಐ ಸೀನ್ ಸಚ್ ರೇನ್' ಎಂಬಂಥ ಬರವಣಿಗೆಯಲ್ಲಿ ಪದಗಳು ಪ್ರಶ್ನೆಯ ಹಾಗೆ ತಿರುಗುತ್ತವೆ. ಭಾಷಣ ಬರೆಯುವವರಿಗೆ ಅದು ಇರಲಿ, ಉಳಿದವರಿಗೆ ಸದ್ಯಕ್ಕೆ ಬೇಡ.

ಅಭ್ಯಾಸ ಹೇಗೆ?

ಅನುವಾದದ ಆ್ಯಪಿಗೆ ಕನ್ನಡ ವಾಕ್ಯ ಕೊಟ್ಟು ಬಂದದ್ದನ್ನು ನಕಲು ಮಾಡಿದರೆ ಜಾಗ ಹುಡುಕುವ ಕೆಲಸ ಆ್ಯಪು ಮಾಡಿದಂತಾಯಿತು, ನೀವಲ್ಲ. ಅದರ ಬದಲು ಇಬ್ಬರು ಎದುರುಬದುರು ಕೂತುಕೊಳ್ಳಿ. ಒಬ್ಬರು 'ಹೌ ಆಫನ್ ಡು ಯೂ' ಎಂದು ಶುರು ಮಾಡಿ ಕೇಳಲಿ: ಯಕ್ಷಗಾನ ನೋಡುವುದು, ತೋಟಕ್ಕೆ ಹೋಗುವುದು, ಅಜ್ಜಿಗೆ ಫೋನ್ ಮಾಡುವುದು, ರೈಲು ಹತ್ತುವುದು. ಇನ್ನೊಬ್ಬರು ಪ್ರತಿ ಸಲ ಎರಡು ಥರ ಉತ್ತರ ಕೊಡಲಿ. ಆರು ಶಬ್ದಗಳಲ್ಲಿ ಒಂದನ್ನು ಹಾಕಿ ಒಂದು, ಲೆಕ್ಕ ಕೊಟ್ಟು ಇನ್ನೊಂದು. 'ಐ ಆಫನ್ ಕಾಲ್ ಮೈ ಗ್ರ್ಯಾಂಡ್‌ಮದರ್. ಐ ಕಾಲ್ ಹರ್ ತ್ರೀ ಟೈಮ್ಸ್ ಎ ವೀಕ್.' ತಪ್ಪಿದರೆ ಕೇಳುತ್ತಿರುವವರು ಉತ್ತರ ಹೇಳಿಕೊಡಬಾರದು, ವಾಕ್ಯವನ್ನು ಪ್ರಶ್ನೆ ಮಾಡಲು ಹೇಳಿ ಸುಮ್ಮನೆ ಕಾಯಬೇಕು.